ಆರು 'ಮಾರುತ್'ಗಳು ಮತ್ತು ಸಿಗದೇ ಹೋದ ಒಂದು ಎಂಜಿನ್

'ಮಾರುತ್' ಎಂದಕೂಡಲೇ ಇಲ್ಲಿ ಮುಂಬೈನಲ್ಲಿ ಬಹಳ ಜನ ನಾನು 'ಮಾರುತಿ' ಕಾರಿನ ಬಗ್ಗೆ ಮಾತಾಡುತ್ತಿದ್ದೇನೆಂದು ತಿಳಿಯುತ್ತಾರೆ. ಬೆಂಗಳೂರಿನ ಈಗಿನ ಹುಡುಗರಿಗೂ ಆ ಹೆಸರು ಅಷ್ಟಾಗಿ ಗೊತ್ತಿಲ್ಲ. 'ಎಚ್.ಎಫ್-24 ಮಾರುತ್' ನಮ್ಮ ದೇಶದಲ್ಲೇ ವಿನ್ಯಾಸಗೊಂಡು, ನಮ್ಮ ದೇಶದಲ್ಲೇ ತಯಾರಾದ ಮೊಟ್ಟಮೊದಲ ಜೆಟ್ ಯುದ್ಧವಿಮಾನ. ಹುಟ್ಟಿದ್ದು ಬೆಂಗಳೂರಿನಲ್ಲಿ. 1961 ರ ಜೂನ್ 17 ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಆಕಾಶಕ್ಕೆ ಒಯ್ದರು. ಒಟ್ಟು 147 ವಿಮಾನಗಳು ತಯಾರಾದವು. 1971 ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಆಮೇಲೆ ನಿಧಾನವಾಗಿ ಮರೆಯಾದವು.

ವಿಲೆ ಪಾರ್ಲೆಯ ನಮ್ಮ ಫ್ಲಾಟಿನಲ್ಲಿ, ಟಿ.ವಿ. ಪಕ್ಕದ ಗಾಜಿನ ಕಪಾಟಿನಲ್ಲಿ ಈ 'ಮಾರುತ್'ನ ಆರು ಮಾದರಿಗಳಿವೆ. ಎಲ್ಲವೂ 72 ರಲ್ಲಿ ಒಂದು ಪಾಲು ಅಳತೆಯವು. ನಿಜವಾದ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಅಂದರೆ ನನ್ನ ಮಾದರಿಗಳು 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ನಮ್ಮ ಕಟ್ಟಡದ ಒಬ್ಬ ಹುಡುಗ ಬಂದು ನೋಡಿ, "ಅಂಕಲ್, ಯೇ ಸಬ್ ತೋ ಸೇಮ್ ಹೈ!" ಎಂದ. ಅವನ ಮಾತು ಮುಕ್ಕಾಲು ಪಾಲು ಸರಿ. ಹೊರಗಿನಿಂದ ನೋಡಿದರೆ ಆರೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಆರು ಯಾಕೆ? ಅದನ್ನು ಹೇಳುವುದಕ್ಕೇ ಈ ಬರಹ.

ಪಾರ್ಲೆ ಮತ್ತು ವಿಮಾನ:

ನಾನು ಮುಂಬೈಗೆ ಬಂದು ನಲವತ್ತು ವರ್ಷದ ಮೇಲಾಯಿತು. ಪಾರ್ಲೆಯಲ್ಲಿ ನೆಲೆಸಿದವರಿಗೆ ವಿಮಾನ ವಿಶೇಷವೇನಲ್ಲ. ಪೂರ್ವಕ್ಕೆ ದೊಡ್ಡ ವಿಮಾನ ನಿಲ್ದಾಣ, ಪಶ್ಚಿಮಕ್ಕೆ ಜುಹೂ. ಜೆ.ಆರ್.ಡಿ. ಟಾಟಾ 1932 ರ ಅಕ್ಟೋಬರ್ 15 ರಂದು ಕರಾಚಿಯಿಂದ ಟಪಾಲು ಹೊತ್ತು ತಂದು ಇಳಿದದ್ದು ಇದೇ ಜುಹೂನಲ್ಲಿ. ಮಾತಿನ ಮಧ್ಯೆ ವಿಮಾನ ಬಂದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ನಮ್ಮ ಕಡೆಯ ಅಭ್ಯಾಸ!

ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಗೂ ಈ ಊರಿಗೂ ಒಂದು ನಂಟಿದೆ. 1940 ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ನೆರವಿನಿಂದ 'ಹಿಂದೂಸ್ತಾನ್ ಏರ್‌ಕ್ರಾಫ್ಟ್' ಕಂಪೆನಿಯನ್ನು ಶುರುಮಾಡಿದವರು ಮುಂಬೈನ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅದೇ ಮುಂದೆ, 1964 ರಲ್ಲಿ, 'ಹಿಂದೂಸ್ತಾನ್ ಏರೋನಾಟಿಕ್ಸ್', ಅಂದರೆ ನಮ್ಮೆಲ್ಲರ ಬಾಯಲ್ಲಿರುವ 'ಎಚ್.ಎ.ಎಲ್.' ಆಯಿತು. ನನ್ನ ಸೋದರಮಾವ ಅಲ್ಲಿ ಫಿಟರ್ ಆಗಿದ್ದರು. 'ಮಾರುತ್' ಹೆಸರು ನನ್ನ ಕಿವಿಗೆ ಬಿದ್ದದ್ದೇ ಅವರಿಂದ.

ಮಾದರಿ ಕಟ್ಟಿದ ಬಗೆ:

ವಿಮಾನದ ಮಾದರಿ ಮಾಡುವವರಿಗೆ 'ನ್ಯಾಟ್', 'ಹಂಟರ್', 'ಮಿಗ್-21' ಎಲ್ಲವೂ ಪ್ಲಾಸ್ಟಿಕ್ ಕಿಟ್ಟಾಗಿ ಡಬ್ಬಿಯಲ್ಲಿ ಸಿಗುತ್ತವೆ. ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿದರೆ ಮುಗಿಯಿತು. ಮುಂಬೈನಲ್ಲಿ ನಾನು ತಿರುಗಿದ ಅಂಗಡಿಗಳಲ್ಲಿ 'ಮಾರುತ್' ಡಬ್ಬಿ ಮಾತ್ರ ಸಿಗಲಿಲ್ಲ. ಹಾಗಾಗಿ ಮರದಲ್ಲೇ ಕೆತ್ತಲು ಕೂತೆ. ಒಡಲಿಗೆ ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ. ಊರಿಗೆ ಹೋದಾಗಲೆಲ್ಲಾ ನಾಲ್ಕು ತುಂಡು ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತೇನೆ. ಎಳೆ ನಯವಾಗಿರುತ್ತದೆ, ಸೀಳುವುದಿಲ್ಲ, ಉಜ್ಜಿದರೆ ದಂತದ ಹಾಗೆ ಹೊಳೆಯುತ್ತದೆ. ರೆಕ್ಕೆಗೆ ತೆಳ್ಳನೆಯ ಪ್ಲೈವುಡ್. ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳಕ್ಕೆ, ಮರದ ಅಚ್ಚಿನ ಮೇಲೆ ಬಿಸಿಮಾಡಿ ಎಳೆದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಜೋಡಿಸಲು ಫೆವಿಕಾಲ್.

ಅಳತೆಗೆ ಪುಸ್ತಕದ ನಕ್ಷೆಯ ಜೊತೆಗೆ ನಿಜವಾದ ವಿಮಾನವೂ ಸಿಕ್ಕಿತು. ವರ್ಲಿಯ 'ನೆಹರೂ ವಿಜ್ಞಾನ ಕೇಂದ್ರ'ದಲ್ಲಿ ಒಂದು 'ಮಾರುತ್' ಇಟ್ಟಿದ್ದಾರೆ. ಪಾರ್ಲೆಯಿಂದ ಸ್ಲೋ ಲೋಕಲ್ ಹಿಡಿದು ಮಹಾಲಕ್ಷ್ಮಿಯಲ್ಲಿ ಇಳಿದರಾಯಿತು. ಹಲವು ಭಾನುವಾರಗಳನ್ನು ಅದರ ಸುತ್ತ ಕಳೆದಿದ್ದೇನೆ. ಪಕ್ಕದಿಂದ ನೋಡಿದರೆ ಉದ್ದನೆಯ ಚೂಪು ಮೂಗು, ಹಿಂದಕ್ಕೆ ಬಾಗಿದ ತೆಳ್ಳನೆಯ ರೆಕ್ಕೆ. ಗಾಳಿ ಒಳಗೆಳೆಯುವ ಎರಡು ಬಾಯಿಗಳಲ್ಲೂ ಅರ್ಧ ಶಂಕುವಿನಾಕಾರದ ಉಬ್ಬು. ರೆಕ್ಕೆ ಸೇರುವಲ್ಲಿ ಒಡಲಿನ ಸೊಂಟ ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ಮಾಡಿದ ಉಪಾಯ ಇದು. ಆ ಸೊಂಟವನ್ನು ಮರದಲ್ಲಿ ತರುವುದೇ ಅತ್ಯಂತ ಕಷ್ಟದ ಕೆಲಸ. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜುತ್ತಾ ಉಜ್ಜುತ್ತಾ, ಇದನ್ನು ಬಿಡಿಸಿದವನು ವೇಗವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಿಡಿಸಿದ್ದಾನೆ ಎಂಬುದು ಬೆರಳಿಗೇ ತಿಳಿಯುತ್ತದೆ.

ಹಾಗೆ ಬಿಡಿಸಿದವರು ಕರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ 'ಫೋಕೆ-ವುಲ್ಫ್ 190' ವಿಮಾನವನ್ನು ರೂಪಿಸಿದವರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ 'ಪುಲ್ಕಿ-2' ಎಂಬ ಜೆಟ್ ಮಾಡಿದರು. 1956 ರಲ್ಲಿ ತಮ್ಮ ಜೊತೆಗಾರರೊಂದಿಗೆ ಬೆಂಗಳೂರಿಗೆ ಬಂದರು. ನಮ್ಮ ವಾಯುಪಡೆ ಕೇಳಿದ್ದು ಶಬ್ದದ ಎರಡರಷ್ಟು ವೇಗದ ವಿಮಾನ.

ಒಂದನೆಯದು, ಎಂಜಿನ್ನೇ ಇಲ್ಲದ್ದು:

ನನ್ನ ಕಪಾಟಿನ ಎಡಗಡೆಯ ಮೊದಲ ಮಾದರಿಗೆ ಹಿಂದೆ ತೂತುಗಳೇ ಇಲ್ಲ. ಅದು 'ಎಕ್ಸ್-241'. ಜೆಟ್ ಹಾರುವ ಮೊದಲು ಎಚ್.ಎ.ಎಲ್. ನವರು ಅದರದೇ ಅಳತೆಯ ಒಂದು ಗ್ಲೈಡರ್ ಕಟ್ಟಿದರು, ಅದೂ ಮರದಲ್ಲಿ! ಅಂದರೆ 'ಮಾರುತ್'ನ ಮೊಟ್ಟಮೊದಲ ಮರದ ಮಾದರಿ ಮಾಡಿದವರು ನನ್ನಂಥ ಹವ್ಯಾಸಿಗಳಲ್ಲ, ಆ ಕಾರ್ಖಾನೆಯವರೇ. ಇಬ್ಬರು ಕೂರುವ ಈ ಗ್ಲೈಡರನ್ನು 1959 ರಲ್ಲಿ 'ಡಕೋಟ' ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. ಎಂಜಿನ್ನಿಲ್ಲದೆ ತೇಲುತ್ತಾ ಕೆಳಗಿಳಿಯುವಾಗ ರೆಕ್ಕೆಯ ನಡತೆ, ಬಾಲದ ನಡತೆ, ಇಳಿಯುವ ವೇಗ ಎಲ್ಲವನ್ನೂ ಪರೀಕ್ಷಿಸಿದರು. ಹೀಗೆ 86 ಬಾರಿ ಹಾರಿತು. ಕೊನೆಗೆ ಒಮ್ಮೆ ಇಳಿಯುವಾಗ ಮೂಗಿನ ಚಕ್ರ ಹೊರಗೆ ಬಾರದೆ ಜಖಂ ಆಯಿತು. ಅಷ್ಟರಲ್ಲಿ ತಿಳಿಯಬೇಕಾದದ್ದು ತಿಳಿದಿತ್ತು. ಒಡಲು ಸರಿಯಾಗಿದೆ!

ಎರಡು, ಮೂರು, ನಾಲ್ಕು:

ಎರಡನೆಯದು 1961 ರಲ್ಲಿ ಹಾರಿದ ಮೂಲ ಮಾದರಿ, 'ಬಿ.ಆರ್. 462'. ಟ್ಯಾಂಕ್ ಈ ವಿಮಾನಕ್ಕೆಂದು ಎಣಿಸಿಕೊಂಡಿದ್ದದ್ದು ಬ್ರಿಟನ್ನಿನ 'ಬ್ರಿಸ್ಟಲ್ ಸಿಡ್ಲಿ' ಕಂಪೆನಿಯ 'ಆರ್ಫಿಯಸ್ 12' ಎಂಜಿನ್. ಅದಕ್ಕೆ ಹಿಂಭಾಗದಲ್ಲಿ ಮತ್ತೊಮ್ಮೆ ಇಂಧನ ಉರಿಸಿ ಹೆಚ್ಚು ಬಲ ಪಡೆಯುವ 'ಆಫ್ಟರ್‌ಬರ್ನರ್' ಇರುತ್ತಿತ್ತು. ಒಂದೊಂದು ಎಂಜಿನ್ನಿನ ನೂಕುಬಲ 8,170 ಪೌಂಡ್. ಆದರೆ ಅದು ಇನ್ನೂ ಪೂರ್ತಿಯಾಗಿರಲಿಲ್ಲ. ಪೂರ್ತಿಮಾಡಲು ಬೇಕಿದ್ದ ಹಣವನ್ನು ಬ್ರಿಟನ್ ಹಾಕಲಿಲ್ಲ, ಭಾರತ ಸರ್ಕಾರವೂ ಹಾಕಲು ಮನಸ್ಸು ಮಾಡಲಿಲ್ಲ. ಕೈಗೆ ಸಿಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ 'ಆರ್ಫಿಯಸ್ 703'. ನೂಕುಬಲ 4,850 ಪೌಂಡ್. ಬೇಕಾದದ್ದರ ಸುಮಾರು ಅರವತ್ತು ಪಾಲು ಮಾತ್ರ! ಎರಡರಷ್ಟು ಶಬ್ದವೇಗಕ್ಕೆಂದು ಸೊಂಟ ಸಣ್ಣಗೆ ಮಾಡಿಸಿಕೊಂಡ ವಿಮಾನ, ಶಬ್ದದ ವೇಗವನ್ನು ಮುಟ್ಟಿದರೂ ಮುಟ್ಟಿತು ಇಲ್ಲದಿದ್ದರೂ ಇಲ್ಲ ಎಂಬಂತಾಯಿತು.

ಮೂರನೆಯದು ಅದೇ ಎಂಜಿನ್ನಿನಿಂದ ವಾಯುಪಡೆಗೆ ಸೇರಿದ 'ಮಾರ್ಕ್-1'. ಇವು 129 ತಯಾರಾದವು. ಮೂಗಿನಲ್ಲಿ 30 ಮಿಲಿಮೀಟರಿನ ನಾಲ್ಕು ತೋಪು, ಹೊಟ್ಟೆಯಲ್ಲಿ ಮಡಚಿಕೊಳ್ಳುವ 50 ರಾಕೆಟ್‌ಗಳ ಪೆಟ್ಟಿಗೆ. ನಾಲ್ಕನೆಯದು 'ಮಾರ್ಕ್-1 ಟಿ', ಗುರು ಮತ್ತು ಶಿಷ್ಯ ಒಬ್ಬರ ಹಿಂದೊಬ್ಬರು ಕೂರುವ ತರಬೇತಿ ವಿಮಾನ. 1970 ರ ಏಪ್ರಿಲ್ 30 ರಂದು ಹಾರಿತು, 18 ತಯಾರಾದವು. ಎರಡನೆಯ ಆಸನಕ್ಕೆ ಜಾಗ ಮಾಡಲು ರಾಕೆಟ್ ಪೆಟ್ಟಿಗೆಯನ್ನು ತೆಗೆದರು. ಕಪಾಟಿನಲ್ಲಿ ಆ ಹುಡುಗ ದೂರದಿಂದಲೇ ಗುರುತಿಸಿದ್ದು ಇದೊಂದನ್ನೇ.

'ಮಾರುತ್' ಕೆಲಸಕ್ಕೆ ಬಾರದ ವಿಮಾನವಾಗಿತ್ತೆಂದು ತಿಳಿಯಬೇಡಿ. ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವಾಗ ಅದು ಬಂಡೆಯ ಹಾಗೆ ಸ್ಥಿರವಾಗಿರುತ್ತಿತ್ತು. 1971 ರ ಡಿಸೆಂಬರ್‌ನಲ್ಲಿ 10 ಮತ್ತು 220 ನೇ ಸ್ಕ್ವಾಡ್ರನ್‌ಗಳ 'ಮಾರುತ್'ಗಳು ಜೋಧಪುರ, ಉತ್ತರಲಾಯಿ ಕಡೆಯಿಂದ ಹಾರಿ ಮರುಭೂಮಿಯಲ್ಲಿ ಹೋರಾಡಿದವು. ಡಿಸೆಂಬರ್ 7 ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಒಂದು ಪಾಕಿಸ್ತಾನಿ 'ಸೇಬರ್' ಜೆಟ್ಟನ್ನು ಇದರಿಂದಲೇ ಹೊಡೆದುರುಳಿಸಿದರು. ನೆಲದಿಂದ ಗುಂಡು ತಾಗಿ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದ ಮೇಲೆ ಪೈಲಟ್‌ಗಳು ಮನೆಗೆ ಮರಳಿದ್ದುಂಟು.

ಐದು ಮತ್ತು ಆರು:

ಕೊನೆಯ ಎರಡನ್ನು ಮಾಡುವಾಗ ಮನಸ್ಸು ಭಾರವಾಗುತ್ತದೆ. ಸರಿಯಾದ ಎಂಜಿನ್ನಿಗಾಗಿ ಅಲೆದ ಕಥೆ ಇವುಗಳದು. ರಷ್ಯದ 'ಆರ್.ಡಿ-9ಎಫ್' ನೋಡಿದರು, ಹೊಂದಲಿಲ್ಲ. ಆಗ ಈಜಿಪ್ಟ್ 'ಎಚ್.ಎ-300' ಎಂಬ ಜೆಟ್ ಕಟ್ಟುತ್ತಿತ್ತು. ಅದಕ್ಕೆ ಎಂಜಿನ್ ಮಾಡುತ್ತಿದ್ದವರು ಆಸ್ಟ್ರಿಯದ ಫರ್ಡಿನೆಂಡ್ ಬ್ರಾಂಡ್ನರ್. ಈಜಿಪ್ಟಿನವರ ವಿಮಾನವನ್ನು 1964 ರಲ್ಲಿ ಮೊದಲು ಹಾರಿಸಿದವರು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಅವರ ಎಂಜಿನ್ ಪರೀಕ್ಷೆಗೆ ನಮ್ಮ ಒಂದು 'ಮಾರುತ್' ಅಲ್ಲಿಗೆ ಹೋಯಿತು. ಅದೇ ನನ್ನ ಐದನೆಯದು, 'ಮಾರ್ಕ್-1 ಬಿ.ಎಕ್ಸ್'. ಒಂದು ಕಡೆ ಹಳೆಯ 'ಆರ್ಫಿಯಸ್', ಇನ್ನೊಂದು ಕಡೆ ಈಜಿಪ್ಟಿನ 'ಇ-300'. ಎತ್ತಿನ ಪಕ್ಕ ಕೋಣ ಕಟ್ಟಿದ ಹಾಗೆ! 1967 ರಲ್ಲಿ ಈಜಿಪ್ಟಿನ ಆಕಾಶದಲ್ಲಿ ಹಾರಿತು. ಅದೇ ವರ್ಷ ಜೂನ್‌ನಲ್ಲಿ ಇಸ್ರೇಲ್ ಜೊತೆ ಆರು ದಿನದ ಯುದ್ಧ. ಎರಡು ವರ್ಷದಲ್ಲಿ ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು.

ಆರನೆಯದು 'ಮಾರ್ಕ್-1 ಆರ್'. ಈ ಸಲ ಬೆಂಗಳೂರಿನವರೇ 'ಆರ್ಫಿಯಸ್ 703' ಗೆ ಆಫ್ಟರ್‌ಬರ್ನರ್ ಜೋಡಿಸಲು ಹೊರಟರು. ಅದಕ್ಕಾಗಿ ವಿಮಾನದ ಹಿಂಭಾಗವನ್ನು ಬದಲಿಸಬೇಕಾಯಿತು. ಹಾಗೆ ಬದಲಿಸಿದಾಗ ಗಾಳಿಯ ತಡೆ ಹೆಚ್ಚಿ, ಸಿಕ್ಕ ಬಲದಲ್ಲಿ ಒಂದಿಷ್ಟನ್ನು ಅದೇ ನುಂಗಿತು. 1970 ರ ಜನವರಿ 10 ರಂದು ಇದನ್ನು ಹಾರಿಸಲು ಹೊರಟವರು ಅದೇ ಸುರಂಜನ್ ದಾಸ್. ಆಗ ಗ್ರೂಪ್ ಕ್ಯಾಪ್ಟನ್ ಆಗಿದ್ದರು. ಮೇಲೇರುವಾಗಲೇ ವಿಮಾನ ಬಿದ್ದು ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಹಳೇ ಮದ್ರಾಸು ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ಹೋಗುವ 'ಸುರಂಜನ್ ದಾಸ್ ರಸ್ತೆ' ಅವರ ಹೆಸರಿನದೇ. ದಿನವೂ ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಎಷ್ಟು ಜನಕ್ಕೆ ಇದು ಗೊತ್ತು?

ನನಗೆ ತೋಚಿದ್ದು:

ಆರನ್ನೂ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಬೇರೆ ದೇಶದ ವಿಮಾನಗಳಲ್ಲಿ ಹೊಸ ಮಾರ್ಕ್ ಬಂದರೆ ಹೊಸ ರೆಡಾರ್, ಹೊಸ ರೆಕ್ಕೆ, ಹೊಸ ಆಯುಧ ಬರುತ್ತವೆ. ಮಾದರಿ ಮಾಡುವವರಿಗೆ ಕೈತುಂಬ ಕೆಲಸ. 'ಮಾರುತ್'ನ ಮಾರ್ಕ್‌ಗಳಲ್ಲಿ ತರಬೇತಿಯದೊಂದನ್ನು ಬಿಟ್ಟರೆ, ಎಲ್ಲವೂ ಎಂಜಿನ್ ಹುಡುಕಾಟದ ಗುರುತುಗಳೇ. ಒಡಲು 1959 ರ ಗ್ಲೈಡರಿನಲ್ಲೇ ಪಾಸಾಗಿತ್ತು. ಕಪಾಟಿನ ಮಾದರಿಗೆ ಎಂಜಿನ್ ಬೇಕಿಲ್ಲ, ತೂತಿಗೆ ಕಪ್ಪು ಬಣ್ಣ ಬಳಿದರೆ ಸಾಕು. ಹಾರುವ ವಿಮಾನಕ್ಕೆ ಆ ಸೌಲಭ್ಯವಿಲ್ಲ. ನಮ್ಮ ಸೋದರಮಾವ ನಿವೃತ್ತರಾದ ಮೇಲೂ ಈ ಮಾತು ಬಂದರೆ, "ಎಂಜಿನ್ ಒಂದು ಕೊಟ್ಟಿದ್ರೆ ನೋಡ್ಬೇಕಿತ್ತು ಕಣೋ" ಎಂದು ಸುಮ್ಮನಾಗುತ್ತಿದ್ದರು.

ಹಣ ಕೊಡದವರನ್ನು ಬಯ್ಯುವುದು ಸುಲಭ. ಬಡ ದೇಶ, ಹಸಿದ ಜನ, ಒಂದೊಂದು ಪೌಂಡಿಗೂ ಲೆಕ್ಕ. ಅದು ನನಗೂ ಅರ್ಥವಾಗುತ್ತದೆ. ಆದರೆ ಅಂದು ಉಳಿಸಿದ ಹಣಕ್ಕಿಂತ ಹೆಚ್ಚನ್ನು ನಾವು ಆಮೇಲೆ ಹೊರದೇಶದ ವಿಮಾನಗಳಿಗೆ ಸುರಿದೆವು. ಇನ್ನೊಂದು ನಷ್ಟವೂ ಆಯಿತು. ಜರ್ಮನರು ವಾಪಸು ಹೋದ ಮೇಲೆ ನಮ್ಮ ಎಂಜಿನಿಯರುಗಳು ಕಲಿತದ್ದನ್ನು ಮುಂದಿನ ಯುದ್ಧವಿಮಾನಕ್ಕೆ ಹಚ್ಚಲು ಅವಕಾಶವೇ ಸಿಗಲಿಲ್ಲ. ಅದೇ ಬೆಂಗಳೂರಿನಿಂದ ಮುಂದಿನ ಯುದ್ಧವಿಮಾನ 'ತೇಜಸ್' ಹಾರಿದ್ದು 2001 ರ ಜನವರಿ 4 ರಂದು. 'ಮಾರುತ್' ಹಾರಿ ನಲವತ್ತು ವರ್ಷಕ್ಕೆ! ಅದಕ್ಕೆಂದು ನಮ್ಮವರೇ 1989 ರಲ್ಲಿ ಕೈಗೆತ್ತಿಕೊಂಡ 'ಕಾವೇರಿ' ಎಂಜಿನ್ ಅದರೊಳಗೆ ಸೇರಲೇ ಇಲ್ಲ. ಅಮೆರಿಕದ 'ಜಿ.ಇ.' ಕಂಪೆನಿಯ ಎಂಜಿನ್ ಮೇಲೆ ಅದು ಹಾರುತ್ತಿದೆ. ಆ ಎಂಜಿನ್‌ಗಳು ತಡವಾಗಿ ಬಂದದ್ದರಿಂದ ವಿಮಾನಗಳೂ ತಡವಾದವು ಎಂದು ಪೇಪರಿನಲ್ಲಿ ಓದಿದಾಗ, ಈ ಕಥೆಯನ್ನು ಎಲ್ಲೋ ಕೇಳಿದ್ದೇನಲ್ಲಾ ಅನ್ನಿಸಿತು.

ನೀವೂ ನೋಡಬೇಕೆಂದರೆ ವರ್ಲಿಯಲ್ಲದೆ ಬೆಂಗಳೂರಿನ ಎಚ್.ಎ.ಎಲ್. ಮ್ಯೂಸಿಯಂ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗಳಲ್ಲೂ 'ಮಾರುತ್' ಇದೆ. ಜರ್ಮನಿಯಲ್ಲಿ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್‌ನಲ್ಲೂ ಒಂದಿದೆ. ಮಕ್ಕಳು ಮೂಗಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ನೀವು ಮಾತ್ರ ಒಂದು ಸುತ್ತು ಹಾಕಿ ಹಿಂದಕ್ಕೆ ಹೋಗಿ, ಬಾಲದ ಕೆಳಗಿನ ಆ ಎರಡು ಸಣ್ಣ ತೂತುಗಳನ್ನು ನೋಡಿ ಬನ್ನಿ.