ಎರಡು ಹುದ್ದೆ, ಒಂದೇ ಕಡತ: ಆಳಂದ, ಅಫಜಲಪುರ, ಜೇವರ್ಗಿಗಳ ಸ್ಥಳೀಯ ಆಡಳಿತದಲ್ಲಿ ಹಿತಾಸಕ್ತಿ ಸಂಘರ್ಷ

ಸ್ಥಳೀಯ ಆಡಳಿತದಲ್ಲಿ ಒಬ್ಬರೇ ಎರಡು ಸಾರ್ವಜನಿಕ ಹುದ್ದೆ ಹೊತ್ತಾಗ ಸಾಮಾನ್ಯವಾಗಿ ಎರಡು ಸಂಬಳದ ಮಾತು ಮೊದಲು ಏಳುತ್ತದೆ. ಸಂಬಳಕ್ಕಿಂತ ಗಂಭೀರವಾದದ್ದು ಕಡತದ ದಾರಿ. ಒಂದು ಕುರ್ಚಿಯಿಂದ ಹೊರಟ ಪ್ರಸ್ತಾವ ಮತ್ತೊಂದು ಕುರ್ಚಿಯಲ್ಲಿ ಅದೇ ವ್ಯಕ್ತಿಯ ಮುಂದೆ ಮಂಜೂರಾತಿಗೆ ಬಂದರೆ, ಆಡಳಿತ ಕಟ್ಟಿಕೊಂಡ ತಪಾಸಣೆಯ ಒಂದು ಹಂತವೇ ಇಲ್ಲವಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಸಮಸ್ಯೆಗೆ ನಿಜಾಮರ ಕಾಲದಿಂದಲೂ ಚರಿತ್ರೆಯಿದೆ.

ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಕಂದಾಯಕ್ಕೆ ಮಾಲಿ ಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಲೆಕ್ಕಪತ್ರಕ್ಕೆ ಪಟವಾರಿ ಅಥವಾ ಕುಲಕರ್ಣಿ ಇರುತ್ತಿದ್ದರು. ಇವು ವಂಶಪಾರಂಪರ್ಯದ ವತನಗಳು. ಎರಡೂ ಪಾಟೀಲಕಿಗಳು ಒಂದೇ ಮನೆಯಲ್ಲಿ ಸೇರಿದ ಊರಿನಲ್ಲಿ, ಕಂದಾಯದ ಬಗ್ಗೆ ತಕರಾರು ತೆಗೆದ ರೈತನ ಮೇಲೆ ವರದಿ ಬರೆಯುವ ಅಧಿಕಾರ ಕಂದಾಯ ವಸೂಲಿ ಮಾಡುವವನ ಕೈಯಲ್ಲೇ ಇರುತ್ತಿತ್ತು. ಪಟವಾರಿಯ ಸ್ಥಾನ ಇನ್ನೂ ಸೂಕ್ಷ್ಮ. ಪಹಣಿ ಬರೆಯುವ ಅವನೇ ಎಷ್ಟೋ ಕಡೆ ಊರಿನ ಜಮೀನುದಾರನೂ ಆಗಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿ ಧಾನ್ಯದ ಸಂಗ್ರಹ ಬಂದಾಗ, ಯಾರ ಹೊಲದ ಬೆಳೆ ಎಷ್ಟೆಂದು ಬರೆಯುವ ಕೈಗೂ ತನ್ನ ಕಣಜ ಉಳಿಸಿಕೊಳ್ಳಬೇಕಾದ ಕೈಗೂ ವ್ಯತ್ಯಾಸ ಉಳಿಯಲಿಲ್ಲ.

ಈ ಬಗೆಯ ಬೆಸುಗೆಯನ್ನು ಬಿಡಿಸುವ ಪ್ರಯತ್ನ ಮೊದಲು ನಡೆದದ್ದು ಮೇಲಿನ ಹಂತದಲ್ಲಿ. 1921ರಲ್ಲಿ ನಿಜಾಮ ಸರ್ಕಾರ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ಬ್ರಿಟಿಷ್ ಭಾರತದ ಬಹುಭಾಗದಲ್ಲಿ ಜಿಲ್ಲಾಧಿಕಾರಿಯೇ ಮ್ಯಾಜಿಸ್ಟ್ರೇಟನಾಗಿ ಮುಂದುವರಿದಿದ್ದ ದಿನಗಳಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಪಾಯಗಾ ಜಾಗೀರಿಗೆ ಸೇರಿದ್ದ ಆಳಂದದಂಥ ಕಡೆ ವಸೂಲಿಯೂ ನ್ಯಾಯವೂ ಜಾಗೀರಿನ ಆಡಳಿತದಲ್ಲೇ ಉಳಿದವು. ಅವು ಬೇರೆಯಾಗಲು 1949ರ ಜಾಗೀರು ರದ್ದತಿಯೇ ಬರಬೇಕಾಯಿತು. ಹಳ್ಳಿಯ ವತನಗಳು ಹೋದದ್ದು ಇನ್ನೂ ತಡವಾಗಿ. ಗ್ರಾಮಾಧಿಕಾರ ರದ್ದತಿ ಕಾಯ್ದೆ 1961ರದ್ದಾದರೂ ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು.

ಸ್ವಾತಂತ್ರ್ಯಾನಂತರದ ಕಾನೂನು ಈ ಪ್ರಶ್ನೆಯನ್ನು ‘ಲಾಭದಾಯಕ ಹುದ್ದೆ’ಯ ಮೂಲಕ ನೋಡುತ್ತದೆ. ಶಾಸಕರಿಗೆ ಸಂವಿಧಾನದ 191ನೇ ವಿಧಿ, ಗ್ರಾಮ ಪಂಚಾಯಿತಿ ಸದಸ್ಯರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 12ನೇ ಪ್ರಕರಣ ಅನ್ವಯಿಸುತ್ತವೆ. 2006ರ ಜಯಾ ಬಚ್ಚನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣ ವಾಸ್ತವವಾಗಿ ಪಡೆದರೇ ಎಂಬುದಕ್ಕಿಂತ ಹುದ್ದೆಯಿಂದ ಆರ್ಥಿಕ ಲಾಭ ಪಡೆಯಲು ಅವಕಾಶವಿದೆಯೇ ಎಂಬುದು ಮುಖ್ಯ ಎಂದಿತು. ಹೀಗೆ ಅಳತೆಗೋಲು ಬಿಗಿಯಾದರೂ ಅಳೆದದ್ದು ಹಣವನ್ನೇ. ಅನರ್ಹತೆ ತಪ್ಪಿಸಲು ರಾಜ್ಯದಲ್ಲಿ 1956ರಿಂದಲೇ ಪ್ರತ್ಯೇಕ ಕಾಯ್ದೆಯಿದ್ದು, ವಿನಾಯಿತಿ ಪಡೆದ ಹುದ್ದೆಗಳ ಪಟ್ಟಿ ತಿದ್ದುಪಡಿಯಿಂದ ತಿದ್ದುಪಡಿಗೆ ಬೆಳೆದಿದೆ. ಪಟ್ಟಿಗೆ ಸೇರಿದ ಹುದ್ದೆ ಶಾಸಕತ್ವವನ್ನು ಕಸಿಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಎರಡು ಕರ್ತವ್ಯಗಳ ನಡುವಿನ ಎಳೆದಾಟ ಹಾಗೆಯೇ ಉಳಿಯುತ್ತದೆ.

ಈ ತಾಲ್ಲೂಕುಗಳಲ್ಲಿ ಅದಕ್ಕೆ ಸ್ಪಷ್ಟ ನಿದರ್ಶನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅನ್ವಯ 2013ರಲ್ಲಿ ರಚನೆಯಾದ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ 2023ರಲ್ಲಿ ಜೇವರ್ಗಿಯ ಶಾಸಕ ಡಾ. ಅಜಯ್ ಸಿಂಗ್ ಅಧ್ಯಕ್ಷರಾದರು. ಅದಕ್ಕೂ ಮೊದಲು ಆ ಸ್ಥಾನದಲ್ಲಿದ್ದ ದತ್ತಾತ್ರೇಯ ಪಾಟೀಲ ರೇವೂರ ಆಗ ಕಲಬುರಗಿ ದಕ್ಷಿಣದ ಶಾಸಕರಾಗಿದ್ದರು. ಪಕ್ಷ ಬದಲಾದರೂ ಏರ್ಪಾಡು ಬದಲಾಗಲಿಲ್ಲವಾದ್ದರಿಂದ ಪ್ರಶ್ನೆ ವ್ಯಕ್ತಿಗಳದ್ದಲ್ಲ. ಶಾಸಕರಾಗಿ ತಮ್ಮ ಕ್ಷೇತ್ರಕ್ಕೆ ಹೆಚ್ಚು ಅನುದಾನ ಕೇಳುವುದು ಅವರ ಧರ್ಮ. ಅಧ್ಯಕ್ಷರಾಗಿ ಇಡೀ ಪ್ರದೇಶಕ್ಕೆ ಸಮನಾಗಿ ಹಂಚುವುದೂ ಧರ್ಮವೇ. ಎರಡನ್ನೂ ಒಬ್ಬರೇ ಪೂರ್ತಿಯಾಗಿ ಪಾಲಿಸುವುದು ಕಷ್ಟ.

ಮಂಡಳಿಯಲ್ಲಿ ಈ ಕಷ್ಟಕ್ಕೆ ಒಂದು ಕಡಿವಾಣವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿವೆ. ಮಂಡಳಿಯ ಮೈಕ್ರೋ ಯೋಜನೆಗಳ ಹಣ ಈ ಹಿಂದುಳಿದಿರುವಿಕೆಯ ಸೂಚ್ಯಂಕವನ್ನು ಆಧರಿಸಿ ತಾಲ್ಲೂಕುಗಳಿಗೆ ಹಂಚಿಕೆಯಾಗುತ್ತದೆ. ಸೂತ್ರ ನಡೆಸುವ ಕಡೆ ಅಧ್ಯಕ್ಷರು ಯಾವ ಕ್ಷೇತ್ರದವರೆಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಸೂತ್ರಕ್ಕೆ ಸಿಗದೆ ವಿವೇಚನೆಗೆ ಉಳಿದ ಹಣದಲ್ಲೇ, ತಾಲ್ಲೂಕಿನೊಳಗೆ ಯಾವ ಊರಿಗೆ ಮೊದಲು ರಸ್ತೆ, ಯಾವ ಶಾಲೆಗೆ ಮೊದಲು ಕೋಣೆ ಎಂಬ ಆಯ್ಕೆಯಲ್ಲೇ, ಸಂಘರ್ಷಕ್ಕೆ ಜಾಗ. ಆದ್ದರಿಂದ ಹುದ್ದೆಯನ್ನು ನಿಷೇಧಿಸುವುದಕ್ಕಿಂತ ವಿವೇಚನೆಯ ಪಾಲನ್ನು ಕಿರಿದಾಗಿಸುವುದು ಹೆಚ್ಚು ಫಲ ಕೊಡುವ ದಾರಿ.

ಆಳಂದದ ಉದಾಹರಣೆ ಇದಕ್ಕೆ ಹೋಲಿಕೆಯಾಗಿ ಉಪಯುಕ್ತ. ಅಲ್ಲಿನ ಶಾಸಕ ಬಿ.ಆರ್. ಪಾಟೀಲರು 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಗಳ ಸಲಹೆಗಾರರಾಗಿ ನೇಮಕಗೊಂಡರು. ಇಂಥ ನೇಮಕಗಳ ಬಗ್ಗೆ ಲಾಭದಾಯಕ ಹುದ್ದೆಯ ಚರ್ಚೆ ಜೋರಾಗಿ ನಡೆಯುತ್ತದೆ. ಆದರೆ ಸಲಹೆಗಾರರ ಕೈಯಲ್ಲಿ ಮಂಜೂರಾತಿಯ ಅಧಿಕಾರವಿಲ್ಲ. ಅನುದಾನ ಹಂಚುವ ಮಂಡಳಿಯ ಅಧ್ಯಕ್ಷತೆಗೂ ಸಲಹೆ ಕೊಡುವ ಹುದ್ದೆಗೂ ಕಾನೂನು ಒಂದೇ ಅಳತೆ ಹಿಡಿಯುವುದು ಅದರ ದೊಡ್ಡ ಕೊರತೆ.

ಅಧಿಕಾರಿಗಳ ಮಟ್ಟದಲ್ಲಿ ಇಷ್ಟು ಗಮನ ಸೆಳೆಯದ ಒಂದು ಜೋಡಿಯಿದೆ. ಜಿಲ್ಲಾಧಿಕಾರಿಗಳು ನಿರ್ಮಿತಿ ಕೇಂದ್ರದ ಅಧ್ಯಕ್ಷರೂ ಹೌದು. ಕಾಮಗಾರಿಗೆ ಮಂಜೂರಾತಿ ಕೊಡುವವರು ಮತ್ತು ಅದನ್ನು ಕಟ್ಟುವ ಸಂಸ್ಥೆಯ ಮುಖ್ಯಸ್ಥರು ಒಬ್ಬರೇ ಆದಾಗ, ದರ ಹೆಚ್ಚಾಯಿತೆಂದೋ ಕೆಲಸ ಕಳಪೆಯೆಂದೋ ಬರುವ ದೂರು ಕೊನೆಗೆ ತಲುಪುವುದು ಅವರ ಮೇಜಿಗೇ. 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ದೊರೆತ ಕಾಮಗಾರಿಗಳಲ್ಲಿ ಪೈಪೋಟಿಯೆಂಬ ಹೊರಗಿನ ತಡೆಯೂ ಇಲ್ಲ.

ಕೆಳಹಂತದಲ್ಲಿ ಎರಡನೇ ಹುದ್ದೆ ಬರುವುದು ಆಸೆಯಿಂದಲ್ಲ, ಖಾಲಿ ಹುದ್ದೆಯಿಂದ. ನಾಗರಿಕ ಸೇವಾ ನಿಯಮಾವಳಿಯ 32 ಮತ್ತು 68ನೇ ನಿಯಮಗಳಡಿ ‘ಪ್ರಭಾರ’ ವಹಿಸಲಾಗುತ್ತದೆ. ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡು ಪಂಚಾಯಿತಿ ನೋಡಿಕೊಂಡರೆ ಆಗುವ ತೊಂದರೆ ಬಹುಮಟ್ಟಿಗೆ ಸಮಯದ್ದು, ಯಾಕೆಂದರೆ ಎರಡೂ ಒಂದೇ ಹಂತದವು. ತಾಲ್ಲೂಕು ಪಂಚಾಯಿತಿಯ ಸಹಾಯಕ ನಿರ್ದೇಶಕರಿಗೆ ಕಾರ್ಯನಿರ್ವಾಹಕ ಅಧಿಕಾರಿಯ ಪ್ರಭಾರ ಬಂದರೆ ಮಾತು ಬೇರೆ: ತಾವು ಪರಿಶೀಲಿಸಿ ಕಳಿಸಿದ್ದನ್ನು ತಾವೇ ಒಪ್ಪಬೇಕು. ನರೇಗಾ ಸಾಮಾಜಿಕ ಲೆಕ್ಕಪರಿಶೋಧನೆ ಅನುಷ್ಠಾನ ಮಾಡುವವರಿಂದ ಸ್ವತಂತ್ರವಾಗಿರಬೇಕೆಂದು 2011ರ ನಿಯಮಗಳು ಹೇಳಿದ್ದು ಈ ಅಪಾಯ ಕಂಡೇ. ಪ್ರಭಾರದ ಆದೇಶಕ್ಕೂ ಅದೇ ತತ್ವ ಹೊಂದುತ್ತದೆ. ಮೂಲ ಹುದ್ದೆಯಲ್ಲಿ ಸಹಿ ಮಾಡಿದ ಕಡತ ಪ್ರಭಾರದ ಹುದ್ದೆಗೆ ಬಂದಾಗ ಜಿಲ್ಲಾ ಪಂಚಾಯಿತಿಗೆ ಹೋಗಬೇಕೆಂದು ಆದೇಶದಲ್ಲೇ ಒಂದು ಸಾಲು ಬರೆದರೆ ಸಾಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದ ಮೇಲೆ ಈ ಸಾಲಿನ ಅಗತ್ಯ ಹೆಚ್ಚಿದೆ. ಸಕಾಲಕ್ಕೆ ಚುನಾವಣೆ ನಡೆಯದೆ, ಬೇರೆ ಹುದ್ದೆಯಲ್ಲಿದ್ದ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಚುನಾಯಿತ ಸಭೆಯ ಅಧಿಕಾರವನ್ನೂ ನಡೆಸಬೇಕಾಯಿತು. ಠರಾವು ಮಂಡಿಸುವವರಿಗೂ ಅಂಗೀಕರಿಸುವವರಿಗೂ ನಡುವೆ ನಿಂತು ‘ಈ ಬಿಲ್ಲು ಯಾಕೆ’ ಎಂದು ಕೇಳುತ್ತಿದ್ದ ಸದಸ್ಯರು ಆ ಸಭಾಂಗಣಗಳಲ್ಲಿ ಇರಲಿಲ್ಲ.