ತೆರಪಿನ ಓದು ಮತ್ತು ಡಾಕ್ಟರೇಟ್

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯೊಂದನ್ನು ತೆರೆಯಿತು. ಕನ್ನಡದಲ್ಲಿ ಅದು ‘ಅಂಚೆ ತೆರಪಿನ ಶಿಕ್ಷಣ’ ಎಂದು ಹೆಸರಾಯಿತು. ಆ ‘ತೆರಪು’ ಎಂಬ ಪದ ನನಗೆ ಬಹಳ ಇಷ್ಟ. ಬಿಡುವು, ಖಾಲಿ ಜಾಗ, ಎರಡು ಕೆಲಸಗಳ ನಡುವಿನ ಸಂದು, ಎಲ್ಲವೂ ಅದರಲ್ಲಿದೆ. ನಂಜನಗೂಡು, ತಿ. ನರಸೀಪುರಗಳಂಥ ಊರುಗಳ ಮಟ್ಟಿಗೆ ‘ದೂರಶಿಕ್ಷಣ’ ಎನ್ನುವುದಕ್ಕಿಂತ ಇದೇ ಸರಿಯಾದ ಮಾತು. ಎರಡೂ ಕಡೆಯಿಂದ ಮೈಸೂರಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮಾನಸಗಂಗೋತ್ರಿ ಇಲ್ಲಿಯವರಿಗೆ ಯಾವತ್ತೂ ದೂರವಿರಲಿಲ್ಲ. ಅಲ್ಲಿ ಹೋಗಿ ಕೂತು ಎರಡು ವರ್ಷ ಓದುವ ತೆರಪೇ ಬಹಳ ಜನರಿಗೆ ಇರಲಿಲ್ಲ.

ನಾನು ಓದಿದ್ದೂ ತೆರಪಿನಲ್ಲೇ. ನಂಜನಗೂಡಿನಲ್ಲಿ ಬಿ.ಕಾಂ. ಮುಗಿಸಿ, ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಎಂ.ಕಾಂ. ಮಾಡಿದೆ. ಹಳೆಯ ಅಂಚೆ ತೆರಪಿನ ಸಂಸ್ಥೆಯೇ 1996ರಲ್ಲಿ ಈ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದಿತ್ತು. ಪಾಠದ ಪುಸ್ತಕಗಳ ಕಟ್ಟು ಮನೆಗೆ ಬರುತ್ತಿತ್ತು, ಸಂಪರ್ಕ ತರಗತಿಗೆ ರಜೆ ಹಾಕಿ ಮೈಸೂರಿಗೆ ಹೋಗುತ್ತಿದ್ದೆ. ಆ ಪದವಿಯ ಬಲದಿಂದಲೇ ನಂಜನಗೂಡಿನಲ್ಲಿ ಬೆಳಿಗ್ಗೆ, ತಿ. ನರಸೀಪುರದಲ್ಲಿ ಮಧ್ಯಾಹ್ನ, ಹೀಗೆ ಎರಡು ಕಾಲೇಜುಗಳಲ್ಲಿ ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ ಪಾಠ ಮಾಡಲು ಶುರುಮಾಡಿದೆ. ಆಗ ಮುಂದಿನ ಪ್ರಶ್ನೆ ತಾನಾಗಿ ಎದ್ದಿತು. ಎಂ.ಕಾಂ. ತೆರಪಿನಲ್ಲಿ ಆಗುವುದಾದರೆ ಡಾಕ್ಟರೇಟ್ ಯಾಕಾಗಬಾರದು?

ಈ ಪ್ರಶ್ನೆಯನ್ನು ಇವತ್ತಿಗೂ ವರ್ಷಕ್ಕೆ ನಾಲ್ಕೈದು ಜನ ನನ್ನ ಹತ್ತಿರ ತರುತ್ತಾರೆ. ‘ಸಾರ್, ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಮನೇಲೇ ಕೂತು ಪಿಎಚ್.ಡಿ. ಮಾಡಬಹುದಂತೆ, ಡಿಗ್ರಿ ಕಾಲೇಜಲ್ಲಿ ನಡೆಯುತ್ತಾ?’ ಹೌದು, ಇಲ್ಲ ಎಂಬ ಒಂದು ಮಾತಿನಲ್ಲಿ ಮುಗಿಸಬಹುದು. ಆದರೆ ಆ ‘ಇಲ್ಲ’ ಯಾವಾಗಿನಿಂದ, ಹೇಗೆ ಬಂತು ಎಂದು ತಿಳಿಯದಿದ್ದರೆ, ಮುಂದಿನ ವಾರ ಬರುವ ಇನ್ನೊಂದು ಕರಪತ್ರವನ್ನು ಅವರು ನಂಬಿಬಿಡುತ್ತಾರೆ.

ಅಂಚೆಯ ಪಾಠಕ್ಕೂ ವಾಣಿಜ್ಯಕ್ಕೂ ಮೊದಲಿನಿಂದ ನಂಟಿದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಪೆನ್ನಿ ಅಂಚೆ ಬಂದಾಗ ಐಸಾಕ್ ಪಿಟ್ಮನ್ ಅದರಲ್ಲಿ ಕಳಿಸಿದ್ದು ಶೀಘ್ರಲಿಪಿಯ ಪಾಠ. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಒಂದು ತಲೆಮಾರು ತಿದ್ದಿದ ಅದೇ ಪಿಟ್ಮನ್. 1858ರಿಂದ ಲಂಡನ್ ವಿಶ್ವವಿದ್ಯಾಲಯ ತರಗತಿಗೆ ಬಾರದವರಿಗೂ ಪರೀಕ್ಷೆ ಬರೆಯಲು ಬಿಟ್ಟಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಏಳು ವರ್ಷದ ನಂತರ ಮೈಸೂರು. ನಮ್ಮಲ್ಲಿ ಇದಕ್ಕೆ ಇನ್ನೂ ಹಿಂದಿನ ಒಂದು ಮಾದರಿಯಿದೆ. 1930ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು, ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಬರುತ್ತಿದ್ದವು. ವಿದ್ಯಾರ್ಥಿ ಬರಲಾಗದಿದ್ದರೆ ವಿಶ್ವವಿದ್ಯಾಲಯವೇ ಹೊರಡಬೇಕು ಎಂಬ ಆಲೋಚನೆ ಈ ಸೀಮೆಗೆ ಹೊಸದಲ್ಲ.

ಪದವಿ, ಸ್ನಾತಕೋತ್ತರದವರೆಗೆ ಇದು ಚೆನ್ನಾಗಿ ನಡೆಯಿತು. ತೊಡಕು ಬಂದದ್ದು ಕಾಲೇಜಿನ ಕೆಲಸಕ್ಕೆ ಯಾವ ಅರ್ಹತೆ ಎಂಬಲ್ಲಿ. 1989ರಲ್ಲಿ ಯುಜಿಸಿ ನೆಟ್ ಪರೀಕ್ಷೆ ಶುರುಮಾಡಿತು. ಅಲ್ಲಿಂದ ಮುಂದೆ ಅಧ್ಯಾಪಕನಾಗುವವನಿಗೆ ಎರಡು ದಾರಿ: ಪರೀಕ್ಷೆ ಪಾಸು ಮಾಡು, ಇಲ್ಲವೇ ಸಂಶೋಧನೆಯ ಪದವಿ ತೋರಿಸಿ ವಿನಾಯಿತಿ ಪಡೆ. ಆ ವಿನಾಯಿತಿಯ ಬಾಗಿಲು ಮಾತ್ರ ನಿಂತ ಕಡೆ ನಿಲ್ಲಲಿಲ್ಲ. 2006ರ ಜೂನ್‌ನಲ್ಲಿ ಯುಜಿಸಿ ನಿಯಮ ತಿದ್ದಿ, ಪದವಿ ತರಗತಿಗೆ ಪಾಠ ಮಾಡುವವರಿಗೆ ಎಂ.ಫಿಲ್. ಇದ್ದರೆ ನೆಟ್ ಬೇಡ ಎಂದಿತು. ಪಕ್ಕದ ತಮಿಳುನಾಡಿನ ಕೆಲವು ವಿಶ್ವವಿದ್ಯಾಲಯಗಳು ಆಗ ಅಂಚೆಯಲ್ಲೇ ಎಂ.ಫಿಲ್. ಕೊಡುತ್ತಿದ್ದವು. ಮುಂದೆ ಆದದ್ದನ್ನು ಯಾರಾದರೂ ಊಹಿಸಬಹುದು. ನಮ್ಮ ಸ್ಟಾಫ್‌ರೂಮುಗಳಲ್ಲಿ ಅರ್ಜಿ ನಮೂನೆಗಳು ಮದುವೆ ಕರೆಯೋಲೆಗಳಂತೆ ಓಡಾಡಿದವು. ನನ್ನ ಜೊತೆ ತಿ. ನರಸೀಪುರದ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಹೆಂಡತಿಯ ಬಳೆ ಅಡವಿಟ್ಟು ಫೀಸು ಕಟ್ಟಿದರು. ಮನಸ್ಸಿಟ್ಟು ಓದಿದರು ಕೂಡ. ಪ್ರಬಂಧದ ಟೈಪಿಂಗಿಗೆ ನಾನೂ ಒಂದೆರಡು ಭಾನುವಾರ ಕೂತಿದ್ದೆ.

2009ರ ಜುಲೈಯಲ್ಲಿ ಬಾಗಿಲು ಮತ್ತೆ ಸರಿಯಿತು. ಎಂ.ಫಿಲ್. ವಿನಾಯಿತಿ ಹೋಯಿತು. ಪಿಎಚ್.ಡಿ.ಗೆ ಪ್ರವೇಶ ಪರೀಕ್ಷೆ, ಒಂದು ಸೆಮಿಸ್ಟರಿನ ಕೋರ್ಸ್‌ವರ್ಕ್, ಪ್ರಕಟಿತ ಲೇಖನ ಎಲ್ಲ ಕಡ್ಡಾಯವಾದವು. ಅದೇ ನಿಯಮಾವಳಿಯಲ್ಲಿ ಇನ್ನೊಂದು ವಾಕ್ಯವಿತ್ತು: ಯಾವ ವಿಶ್ವವಿದ್ಯಾಲಯವೂ, ಡೀಮ್ಡ್ ಆಗಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಲಿ, ಎಂ.ಫಿಲ್. ಮತ್ತು ಪಿಎಚ್.ಡಿ.ಗಳನ್ನು ದೂರಶಿಕ್ಷಣದಲ್ಲಿ ನಡೆಸಕೂಡದು. ನನ್ನ ಮಿತ್ರರ ಪ್ರಮಾಣಪತ್ರ ಕೈಗೆ ಬಂದದ್ದು ಅದರ ಮರುವರ್ಷ.

ಹಳಬರಿಗಾದರೂ ಉಳಿಯುತ್ತದೆಯೇ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪಿ. ಸುಶೀಲಾ ಪ್ರಕರಣದಲ್ಲಿ 2015ರ ಮಾರ್ಚ್ 16ರಂದು ತೀರ್ಪು ಬಂತು. ನೆಟ್ ಕೇಳುವುದು ಸರಿ ಎಂದೇ ಕೋರ್ಟು ಹೇಳಿತು. ಮರುವರ್ಷ ಯುಜಿಸಿ ಸ್ವಲ್ಪ ಕರಗಿ, 2009ರ ಜುಲೈ 11ಕ್ಕೆ ಮೊದಲು ನೋಂದಾಯಿಸಿದ ಪಿಎಚ್.ಡಿ.ಗಳಿಗೆ ಐದು ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು. ಇಬ್ಬರು ಹೊರಗಿನ ಪರೀಕ್ಷಕರು, ಎಲ್ಲರೆದುರು ಮೌಖಿಕ ಪರೀಕ್ಷೆ, ಎರಡು ಲೇಖನ, ಎರಡು ಪ್ರಬಂಧ ಮಂಡನೆ. ಇವೆಲ್ಲ ಆಮೇಲಿನವು. ಮೊದಲನೆಯ ಷರತ್ತು, ಆ ಪದವಿ ರೆಗ್ಯುಲರ್ ಕ್ರಮದಲ್ಲಿ ಬಂದಿರಬೇಕು ಎಂಬುದು.

ಇದೆಲ್ಲ ನಡೆಯುವಾಗಲೇ, 2011ರಲ್ಲಿ, ನನ್ನ ಕೈಗೂ ಒಂದು ಕರಪತ್ರ ಬಂದಿತ್ತು. ಬಿಸಿನೆಸ್ ಅಡ್ಮಿನಿಸ್ಟ್ರೇಷನ್ನಿನಲ್ಲಿ ಡಾಕ್ಟರೇಟ್, ಎರಡೇ ವರ್ಷ, ಹಾಜರಾತಿ ಬೇಡ, ಕಂತಿನಲ್ಲಿ ಫೀಸು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಲೆಕ್ಕ ಬರೆದ ಅಭ್ಯಾಸ, ನನ್ನ ಒಂದು ವರ್ಷದ ದುಡಿಮೆಯ ಪಕ್ಕದಲ್ಲಿ ಆ ಫೀಸನ್ನು ಇಟ್ಟು ನೋಡಿದೆ. ಹಣ ಹೇಗೋ ಹೊಂದಿಸಬಹುದಿತ್ತು. ನನ್ನನ್ನು ತಡೆದದ್ದು 2009ರ ಆ ಒಂದು ವಾಕ್ಯ. ಇನ್ನೊಂದು ಅನುಮಾನವೂ ಇತ್ತು: ನಾನು ಎಂ.ಕಾಂ. ಓದಿದವನು, ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ನೆಟ್‌ನಲ್ಲಿ ಬೇರೆ ಬೇರೆ ವಿಷಯಗಳು. ನೇಮಕಾತಿಯಲ್ಲಿ ಪದವಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ನೋಡುತ್ತಾರೆ. ಕರಪತ್ರದಲ್ಲಿ ಇದರ ಬಗ್ಗೆ ಒಂದು ಸೊಲ್ಲೂ ಇರಲಿಲ್ಲ. ನಾನು ಆಗ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಕೆ-ಸೆಟ್‌ಗೆ ಕೂತೆ. ಎರಡನೇ ಸಲಕ್ಕೆ ಪಾಸಾಯಿತು. ಪಿಎಚ್.ಡಿ.ಗೆ ಆಮೇಲೆ, ನಿಧಾನವಾಗಿ, ಅರೆಕಾಲಿಕವಾಗಿ ಸೇರಿಕೊಂಡೆ.

ಇಷ್ಟು ಹೇಳಿ ದೂರಶಿಕ್ಷಣವನ್ನೇ ಹಳಿಯುವವರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆಯಿಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿದಾಗ ನಮ್ಮ ತಾಲ್ಲೂಕುಗಳಲ್ಲಿ ಆದ ಗಾಬರಿಯನ್ನು ಕಂಡಿದ್ದೇನೆ. ಹೊರರಾಜ್ಯಗಳಲ್ಲಿ ಖಾಸಗಿ ಸಂಸ್ಥೆಗಳ ಜೊತೆ ಮಾಡಿಕೊಂಡ ಒಪ್ಪಂದಗಳ ವಿವಾದಕ್ಕೆ, ಇಲ್ಲಿ ಅಂಗಡಿಯಲ್ಲಿ ದುಡಿಯುತ್ತ ಎಂ.ಎ., ಎಂ.ಕಾಂ. ಓದುತ್ತಿದ್ದ ಹುಡುಗ ಹುಡುಗಿಯರು ಬೆಲೆ ತೆತ್ತರು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳು ಮರಳಲಿಲ್ಲ. ಒಂದು ಮಾತು ಇಲ್ಲೇ ಸ್ಪಷ್ಟಪಡಿಸಬೇಕು: ಮುಕ್ತ ವಿಶ್ವವಿದ್ಯಾಲಯ ಕೊಡುವ ಪಿಎಚ್.ಡಿ. ಎಂದ ಮಾತ್ರಕ್ಕೆ ಅದು ದೂರಶಿಕ್ಷಣದ ಪಿಎಚ್.ಡಿ. ಎಂದು ಅರ್ಥವಲ್ಲ. ಅಲ್ಲಿಯೂ ಸಂಶೋಧನೆ ಯುಜಿಸಿ ನಿಯಮದಂತೆ ರೆಗ್ಯುಲರ್ ಆಗಿಯೇ ನಡೆಯಬೇಕು. ಈ ಎರಡನ್ನು ಕಲಸಿಕೊಂಡು ಒಳ್ಳೆಯ ಅವಕಾಶ ಬಿಟ್ಟವರೂ ಇದ್ದಾರೆ.

ಈಗಿನ ಕರಪತ್ರಗಳು ಮೊಬೈಲಿಗೆ ಬರುತ್ತವೆ. ಅಂಚೆ ಹೋಗಿ ಆನ್‌ಲೈನ್ ಬಂದಿದೆ, ಊರು ಯುರೋಪಿನದಾಗಿದೆ, ಪಿಎಚ್.ಡಿ. ಬದಲು ಡಿಬಿಎ ಎಂದಿರುತ್ತದೆ. ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿರುವವರಿಗೆ ಡಿಬಿಎ ಉಪಯುಕ್ತವಾಗಬಹುದು. ಹೊರದೇಶಗಳಲ್ಲಿ ಅದಕ್ಕೆ ಗೌರವವೂ ಇದೆ. ನಂಜನಗೂಡಿನ ಡಿಗ್ರಿ ಕಾಲೇಜಿನ ಹುದ್ದೆಗೆ ಅದನ್ನು ಹಿಡಿದು ಹೋಗುವುದು ಬೇರೆ ಮಾತು. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆಯಿಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಒಟ್ಟಾಗಿಯೇ ಎಚ್ಚರಿಸಿದವು.

ಹಾಗಿದ್ದೂ ಜನ ಯಾಕೆ ಕೇಳುತ್ತಾರೆ? ಸೋಮಾರಿತನ ಎನ್ನುವವರು ಅತಿಥಿ ಉಪನ್ಯಾಸಕರ ಸಂಬಳದ ಚೀಟಿ ನೋಡಿಲ್ಲ. ಹಿಂದೆ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11,000ದಿಂದ 13,000 ರೂಪಾಯಿ. ದೊಡ್ಡ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಐದು ವರ್ಷ ದಾಟಿ, ಯುಜಿಸಿ ಅರ್ಹತೆ ಇದ್ದವರಿಗೆ 32,000, ಇಲ್ಲದವರಿಗೆ 28,000. ಐದು ವರ್ಷದೊಳಗಿನವರಿಗೆ 30,000 ಮತ್ತು 26,000. ಪಾಠ ಒಂದೇ, ಕೊಠಡಿ ಒಂದೇ, ಅರ್ಹತೆಯ ಒಂದು ಕಾಗದಕ್ಕೆ ತಿಂಗಳಿಗೆ ನಾಲ್ಕು ಸಾವಿರ. ಅದೇ ವರ್ಷದ ಮಾರ್ಚ್‌ನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಪರೀಕ್ಷೆ ನಡೆದಾಗ ಕಾಗದವಿಲ್ಲದವರು ಅರ್ಜಿಯನ್ನೇ ಹಾಕುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ಎರಡು ವರ್ಷದ ಡಾಕ್ಟರೇಟಿನ ಜಾಹೀರಾತು ಕಣ್ಣಿಗೆ ಬಿದ್ದರೆ ಯಾರ ಕೈ ತಾನೆ ಸುಮ್ಮನಿರುತ್ತದೆ.

ನಿಯಮ ಮಾಡುವವರೂ ಈ ಜನರನ್ನು ನೆಮ್ಮದಿಯಾಗಿ ಬಿಡಲಿಲ್ಲ. 2018ರ ನಿಯಮಾವಳಿ, 2021ರ ಜುಲೈಯಿಂದ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಕಡ್ಡಾಯ ಎಂದಿತು. ಆಮೇಲೆ ಅದು 2023ರ ಜುಲೈಗೆ ಹೋಯಿತು. ಆ ದಿನ ಬರುವಷ್ಟರಲ್ಲಿ ಕಡ್ಡಾಯವನ್ನೇ ತೆಗೆದು, ನೆಟ್, ಸೆಟ್ ಅಥವಾ ಸ್ಲೆಟ್ ಸಾಕು ಎಂದಾಯಿತು. ಕಾಲೇಜುಗಳಿಗೆ ಆ ಕಡ್ಡಾಯ ಯಾವತ್ತೂ ಇರಲಿಲ್ಲ. ಆದರೂ ಗಾಳಿಮಾತು ನಮ್ಮಲ್ಲಿಗೆ ಬಂದು, ಪಿಎಚ್.ಡಿ. ಇಲ್ಲದಿದ್ದರೆ ಮುಗಿಯಿತು ಎಂದು ಎಷ್ಟೋ ಮಂದಿ ಸಾಲ ಮಾಡಿದರು. ಪರೀಕ್ಷೆಯ ದಾರಿಯೂ ಹೂವಿನದಲ್ಲ: 2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ಕಾಲೇಜಿನಲ್ಲಿ ಡಾಕ್ಟರೇಟ್ ನಿಜವಾಗಿ ಬೇಕಾಗುವುದು ಕೆಲಸ ಸಿಕ್ಕಿದ ನಂತರ, ಸಹ ಪ್ರಾಧ್ಯಾಪಕ ಹುದ್ದೆಗೆ ಬಡ್ತಿ ಪಡೆಯುವಾಗ. ಆದ್ದರಿಂದ ನಾನು ಕೇಳಿದವರಿಗೆಲ್ಲ ಹೇಳುವುದು, ಮೊದಲು ಕೆ-ಸೆಟ್ ಬರೆಯಿರಿ, ಈಗ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ, ಪಿಎಚ್.ಡಿ.ಯನ್ನು ಅರೆಕಾಲಿಕವಾಗಿ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಹುಡುಕಿ.

ಹತ್ತಿರವಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಮಾರ್ಗದರ್ಶಕರ ಮನೆಗೆ ತರಕಾರಿ ಚೀಲ ಹೊತ್ತವರ ಕತೆಗಳು ಎಲ್ಲರಿಗೂ ಗೊತ್ತು. ಆದರೆ ಸಂಶೋಧನೆಯಲ್ಲಿ ‘ಇದು ಯಾಕೆ ಹೀಗೆ?’ ಎಂದು ಎದುರಿಗೆ ಕೂತು ಕೇಳುವವರು ಬೇಕು. ಪುಸ್ತಕದ ಕಟ್ಟಿನ ಜೊತೆ ಅಂಚೆಯಲ್ಲಿ ಅದು ಬರುವುದಿಲ್ಲ. ವಿಷಯವಂತೂ ಕಾಲ ಬುಡದಲ್ಲೇ ಇದೆ. ನಂಜನಗೂಡಿನ ಹಲ್ಲುಪುಡಿ ನೂರು ವರ್ಷ ದಾಟಿದ ವ್ಯಾಪಾರ; 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆ ಒಂದು ಬ್ರ್ಯಾಂಡ್ ಬಾಳಿದ ಬಗೆಗೆ ಎಂಥ ಪಾಠ! ರಸಬಾಳೆಗೆ ಭೌಗೋಳಿಕ ಗುರುತಿನ ಹೆಸರು ಬಂತು, ತೋಟಗಳು ಮಾತ್ರ ಸೊರಗು ರೋಗಕ್ಕೆ ಸಿಕ್ಕಿ ಕಡಿಮೆಯಾದವು. ಹೆಸರಿಗೆ ಬೆಲೆ ಬಂದು ಹಣ್ಣೇ ಇಲ್ಲವಾದರೆ ಲಾಭ ಯಾರಿಗೆ? ತಿ. ನರಸೀಪುರದಲ್ಲಿ ತೆಗೆದ ರೇಷ್ಮೆ ನೂಲು ಮೈಸೂರಿನ ಕಾರ್ಖಾನೆಯಲ್ಲಿ ಸೀರೆಯಾಗುವವರೆಗೆ ಯಾವ ಹಂತದಲ್ಲಿ ಎಷ್ಟು ಬೆಲೆ ಕೂಡುತ್ತದೆ ಎಂಬುದನ್ನು ಪ್ರಶ್ನಾವಳಿ ಹಿಡಿದುಕೊಂಡು ದೂರದಲ್ಲಿ ಕೂತು ಬರೆಯಲಾಗುವುದಿಲ್ಲ.

ತಿ. ನರಸೀಪುರದ ಅತಿಥಿ ಉಪನ್ಯಾಸಕಿಯೊಬ್ಬರು ಈ ರೇಷ್ಮೆಯ ವಿಷಯವನ್ನೇ ಹಿಡಿದಿದ್ದಾರೆ. ಕೆ-ಸೆಟ್ ಆಗಿದೆ, ಮಾರ್ಗದರ್ಶಕರು ಒಪ್ಪಿದ್ದಾರೆ, ಮನೆಯಲ್ಲಿ ಅತ್ತೆ ಮಗುವನ್ನು ನೋಡಿಕೊಳ್ಳುತ್ತಾರೆ. 2022ರ ನವೆಂಬರ್‌ನ ಹೊಸ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಕೊಟ್ಟಿದೆ. ಜೊತೆಗೆ ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಕೇಳುತ್ತದೆ: ಓದಲು ಅನುಮತಿಯಿದೆ, ಕೆಲಸದ ನಡುವೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಶೈಕ್ಷಣಿಕ ವರ್ಷ ಮುಗಿದೊಡನೆ ಕೆಲಸವೇ ಮುಗಿಯುವ ಅತಿಥಿಗೆ ಮೂರು ವರ್ಷದ ಈ ಮಾತನ್ನು ಯಾರು ಬರೆದುಕೊಡಬೇಕು? ‘ಸಾರ್, ನನಗೆ ರಜೆ ಬೇಡ, ಸಹಿ ಒಂದು ಸಾಕು’ ಎನ್ನುತ್ತಾರೆ ಅವರು. ಪ್ರಾಂಶುಪಾಲರು ಒಳ್ಳೆಯವರೇ; ಮೇಲಿನ ಕಚೇರಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅರ್ಜಿ ಹಾಕಲು ಇನ್ನು ಹತ್ತು ದಿನ ಇದೆ.