ಬೆನ್ನುಹುರಿ ಅರಿವಳಿಕೆ: ಶಸ್ತ್ರಚಿಕಿತ್ಸೆಗೆ ಮುನ್ನ ನಡೆಸುವ ಪರೀಕ್ಷೆಗಳು

(ಸಾರ್ವಜನಿಕರ ಮಾಹಿತಿಗಾಗಿ)

ಸಿಸೇರಿಯನ್ ಹೆರಿಗೆ, ಹರ್ನಿಯಾ, ಮೂಲವ್ಯಾಧಿ, ಪ್ರಾಸ್ಟೇಟ್ ಗ್ರಂಥಿ ಹಾಗೂ ಕಾಲಿನ ಮೂಳೆಗೆ ಸಂಬಂಧಿಸಿದ ಶಸ್ತ್ರಚಿಕಿತ್ಸೆಗಳನ್ನು ಅನೇಕ ಸಂದರ್ಭಗಳಲ್ಲಿ ರೋಗಿಯ ಪ್ರಜ್ಞೆ ತಪ್ಪಿಸದೆ, ಬೆನ್ನಿಗೆ ಚುಚ್ಚುಮದ್ದು ನೀಡಿ ಕೈಗೊಳ್ಳಲಾಗುತ್ತದೆ. ಚುಚ್ಚುಮದ್ದು ನೀಡಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯನ್ನು ಆರಂಭಿಸುವಂತಿಲ್ಲ. ಅಗತ್ಯವಿರುವ ಭಾಗವು ಪೂರ್ಣವಾಗಿ ಮರಗಟ್ಟಿದೆಯೇ ಎಂಬುದನ್ನು ಅರಿವಳಿಕೆ ತಜ್ಞರು ಮೊದಲು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಈ ಪರೀಕ್ಷೆಯು ಬಹುಮಟ್ಟಿಗೆ ರೋಗಿಯು ನೀಡುವ ಉತ್ತರವನ್ನೇ ಅವಲಂಬಿಸಿರುವುದರಿಂದ, ಅದರ ಕ್ರಮವನ್ನು ರೋಗಿಗಳು ಹಾಗೂ ಅವರ ಕುಟುಂಬದವರು ಮುಂಚಿತವಾಗಿ ತಿಳಿದಿರುವುದು ಅವಶ್ಯಕ.

1. ಬೆನ್ನುಹುರಿ ಅರಿವಳಿಕೆ ಎಂದರೇನು?

ಬೆನ್ನುಮೂಳೆಯ ಒಳಗೆ ನರಗಳನ್ನು ಸುತ್ತುವರಿದಿರುವ ದ್ರವಕ್ಕೆ ಸಣ್ಣ ಸೂಜಿಯ ಮೂಲಕ ಔಷಧವನ್ನು ಸೇರಿಸಿ, ಸೊಂಟದ ಕೆಳಭಾಗವನ್ನು ತಾತ್ಕಾಲಿಕವಾಗಿ ಮರಗಟ್ಟಿಸುವ ವಿಧಾನವೇ ಬೆನ್ನುಹುರಿ ಅರಿವಳಿಕೆ (ಸ್ಪೈನಲ್ ಅನಸ್ತೇಷಿಯಾ). ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಅವರು 1898ರಲ್ಲಿ ಇದನ್ನು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ತಂದರು. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ 1ನೇ ಅಥವಾ 2ನೇ ಮಣಿಯ ಬಳಿ ಮುಗಿಯುತ್ತದೆ. ಆದುದರಿಂದ ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ 3 ಮತ್ತು 4ನೇ ಅಥವಾ 4 ಮತ್ತು 5ನೇ ಮಣಿಗಳ ನಡುವೆ ಸೂಜಿಯನ್ನು ಹಾಕಲಾಗುತ್ತದೆ.

ಹೆಚ್ಚಾಗಿ ಬಳಸುವ ಔಷಧವೆಂದರೆ ಶೇಕಡ 0.5ರ ಬುಪಿವಕೇನ್. ಇದಕ್ಕೆ ಗ್ಲೂಕೋಸ್ ಬೆರೆಸಿರುವ ಬಗೆಯು ದ್ರವಕ್ಕಿಂತ ಭಾರವಾಗಿದ್ದು, ತಗ್ಗಿನ ಕಡೆಗೆ ಹರಿಯುತ್ತದೆ. ಚುಚ್ಚುಮದ್ದಿನ ನಂತರ ಮೇಜನ್ನು ಸ್ವಲ್ಪ ಓರೆ ಮಾಡುವುದು ಈ ಕಾರಣಕ್ಕಾಗಿಯೇ.

2. ಪರಿಣಾಮ ಕಾಣಿಸಿಕೊಳ್ಳುವ ಕ್ರಮ

ಎಲ್ಲ ಬಗೆಯ ಸಂವೇದನೆಗಳು ಒಂದೇ ಬಾರಿಗೆ ಹೋಗುವುದಿಲ್ಲ. ಮೊದಲು ಕಾಲುಗಳಲ್ಲಿ ಬೆಚ್ಚಗಿನ ಅನುಭವ ಉಂಟಾಗುತ್ತದೆ. ತಣ್ಣನೆಯ ಮತ್ತು ಚುಚ್ಚಿದ ಅರಿವು ಬೇಗ ಕಡಿಮೆಯಾಗುತ್ತದೆ. ಮುಟ್ಟಿದ ಅರಿವು ತಡವಾಗಿ ಹೋಗುತ್ತದೆ. ತಣ್ಣನೆಯ ಅರಿವು ಇಲ್ಲದಿರುವ ಮಟ್ಟವು ಮುಟ್ಟಿದ ಅರಿವು ಇಲ್ಲದಿರುವ ಮಟ್ಟಕ್ಕಿಂತ ಸಾಮಾನ್ಯವಾಗಿ ಮೇಲಿರುತ್ತದೆ. ಆದ್ದರಿಂದ ಒಂದೇ ಪರೀಕ್ಷೆಯಿಂದ ನಿರ್ಣಯಿಸದೆ ಹಲವು ವಿಧಗಳಲ್ಲಿ ನೋಡುವುದು ಸೂಕ್ತ.

3. ಪರೀಕ್ಷೆಯ ವಿಧಾನಗಳು

ಅ) ತಣ್ಣನೆಯ ಪರೀಕ್ಷೆ: ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಅಥವಾ ಮಂಜುಗಡ್ಡೆಯನ್ನು ಮೊದಲು ಮರಗಟ್ಟದ ಭಾಗಕ್ಕೆ (ಭುಜ ಅಥವಾ ಹಣೆ) ತಾಗಿಸಿ, ನಂತರ ಕಾಲಿನಿಂದ ಮೇಲಕ್ಕೆ ಮುಟ್ಟಿಸುತ್ತಾ ಹೋಗಲಾಗುತ್ತದೆ. ಭುಜದಲ್ಲಿದ್ದಷ್ಟೇ ತಂಪು ಎಲ್ಲಿ ಅನುಭವಕ್ಕೆ ಬರುವುದೋ ಅದನ್ನು ರೋಗಿಯು ಹೇಳಬೇಕು.

ಆ) ಚುಚ್ಚು ಪರೀಕ್ಷೆ: ಚರ್ಮಕ್ಕೆ ಗಾಯವಾಗದಂತೆ ಮೊಂಡಾದ ಸೂಜಿಯಿಂದ ಮೆಲ್ಲಗೆ ಒತ್ತಿ, ಅದು ಚೂಪಾಗಿ ತೋರುತ್ತದೆಯೇ ಎಂದು ಕೇಳಲಾಗುತ್ತದೆ.

ಇ) ಸ್ಪರ್ಶ ಪರೀಕ್ಷೆ: ಹತ್ತಿಯಿಂದ ಹಗುರವಾಗಿ ಮುಟ್ಟಿ ನೋಡಲಾಗುತ್ತದೆ. ಸಿಸೇರಿಯನ್‌ನಲ್ಲಿ ನೋವನ್ನು ತಡೆಯುವ ಕುರಿತು ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ತಜ್ಞರು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ಪರೀಕ್ಷೆಗೆ ಪ್ರಾಮುಖ್ಯ ನೀಡಿದೆ.

ಈ) ಚಲನೆಯ ಪರೀಕ್ಷೆ: ಕಾಲನ್ನು ನೇರವಾಗಿ ಎತ್ತಲು, ಮೊಣಕಾಲು ಮಡಿಸಲು, ಪಾದ ಅಲುಗಾಡಿಸಲು ಹೇಳಲಾಗುತ್ತದೆ. ಬ್ರೊಮೇಜ್ ಮಾಪಕದ ಪ್ರಕಾರ ಪೂರ್ಣ ಚಲನೆಯಿದ್ದಲ್ಲಿ 0, ಮೊಣಕಾಲು ಮಾತ್ರ ಮಡಿಸಲಾದಲ್ಲಿ 1, ಪಾದ ಮಾತ್ರ ಅಲುಗಾಡಿದಲ್ಲಿ 2, ಯಾವ ಚಲನೆಯೂ ಇಲ್ಲದಿದ್ದಲ್ಲಿ 3 ಎಂದು ದಾಖಲಿಸಲಾಗುತ್ತದೆ. ಕಾಲು ಎತ್ತಲಾಗದಿದ್ದ ಮಾತ್ರಕ್ಕೆ ಹೊಟ್ಟೆಯ ಭಾಗವೂ ಮರಗಟ್ಟಿದೆ ಎಂದು ಅರ್ಥವಲ್ಲ.

ಎಲ್ಲ ಪರೀಕ್ಷೆಗಳನ್ನು ದೇಹದ ಎಡ ಮತ್ತು ಬಲ ಎರಡೂ ಬದಿಗಳಲ್ಲಿ ನಡೆಸಬೇಕು. ಒಂದು ಬದಿ ಮರಗಟ್ಟಿ ಇನ್ನೊಂದು ಬದಿ ಉಳಿದುಕೊಳ್ಳುವ ಸಾಧ್ಯತೆ ಇರುತ್ತದೆ. ಇದರೊಂದಿಗೆ ರಕ್ತದೊತ್ತಡ, ನಾಡಿಬಡಿತ ಮತ್ತು ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಗಮನಿಸಲಾಗುತ್ತದೆ.

4. ಎಲ್ಲಿಯವರೆಗೆ ಮರಗಟ್ಟಬೇಕು?

ಅಗತ್ಯವಿರುವ ಮಟ್ಟವು ಶಸ್ತ್ರಚಿಕಿತ್ಸೆಗೆ ಅನುಗುಣವಾಗಿ ಸ್ಥೂಲವಾಗಿ ಕೆಳಕಂಡಂತಿರುತ್ತದೆ:

- ಮೂಲವ್ಯಾಧಿ: ಕುಳಿತುಕೊಳ್ಳುವ ಭಾಗ
- ಪಾದ ಮತ್ತು ಮೊಣಕಾಲಿನ ಕೆಳಭಾಗ: ತೊಡೆಸಂದಿನವರೆಗೆ
- ಪ್ರಾಸ್ಟೇಟ್ ಗ್ರಂಥಿ, ಸೊಂಟದ ಕೀಲು: ಹೊಕ್ಕುಳಿನವರೆಗೆ
- ಸಿಸೇರಿಯನ್ ಹೆರಿಗೆ: ಮೊಲೆತೊಟ್ಟಿನ ಮಟ್ಟದವರೆಗೆ

ಸಿಸೇರಿಯನ್‌ನಲ್ಲಿ ಗಾಯವು ಹೊಕ್ಕುಳಿಗಿಂತ ಬಹಳ ಕೆಳಗಿದ್ದರೂ ಎದೆಯವರೆಗೆ ಮರಗಟ್ಟಬೇಕಾಗುತ್ತದೆ. ಹೊಟ್ಟೆಯ ಒಳಪೊರೆಗೆ ಎದೆಭಾಗದ ನರಗಳಿಂದಲೂ ಸಂವೇದನೆ ದೊರೆಯುವುದೇ ಇದಕ್ಕೆ ಕಾರಣ.

5. ಉತ್ತರ ನೀಡುವಾಗ ಗಮನಿಸಬೇಕಾದ ಅಂಶಗಳು

- ಅನುಭವಕ್ಕೆ ಬಂದುದನ್ನು ಇದ್ದಂತೆಯೇ ತಿಳಿಸುವುದು. ವೈದ್ಯರಿಗೆ ಬೇಸರವಾದೀತೆಂಬ ಸಂಕೋಚದಿಂದ "ಸರಿಯಾಗಿದೆ" ಎಂದು ಹೇಳಬಾರದು.
- ಪ್ರಶ್ನೆ ಅರ್ಥವಾಗದಿದ್ದಲ್ಲಿ ತಮಗೆ ತಿಳಿಯುವ ಭಾಷೆಯಲ್ಲಿ ಮತ್ತೊಮ್ಮೆ ಕೇಳುವಂತೆ ಕೋರುವುದು.
- "ತಣ್ಣಗಿದೆ", "ಮುಟ್ಟಿದ್ದು ಗೊತ್ತಾಗುತ್ತಿದೆ, ನೋವಿಲ್ಲ", "ಚುಚ್ಚಿದ ಹಾಗಿದೆ" ಎಂದು ಬಿಡಿಸಿ ಹೇಳುವುದು.
- ಎರಡು ಬದಿಗಳಲ್ಲಿ ವ್ಯತ್ಯಾಸವಿದ್ದಲ್ಲಿ ಕೇಳದಿದ್ದರೂ ತಿಳಿಸುವುದು.

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಒತ್ತಿದಂತೆ, ಎಳೆದಂತೆ ಅನಿಸುವುದು ಸಹಜ. ನೋವು ಸಹಜವಲ್ಲ. ನೋವು ಕಂಡ ಕೂಡಲೇ ತಿಳಿಸುವುದು ರೋಗಿಯ ಹಕ್ಕು. ಅದನ್ನು ಹಲ್ಲುಕಚ್ಚಿ ಸಹಿಸಿಕೊಳ್ಳಬೇಕಾಗಿಲ್ಲ.

6. ಪರಿಣಾಮ ಸಾಲದಾದಲ್ಲಿ ಕೈಗೊಳ್ಳುವ ಕ್ರಮ

ಔಷಧದ ಪರಿಣಾಮವು ಪೂರ್ಣವಾಗಲು 10ರಿಂದ 20 ನಿಮಿಷ ಬೇಕಾಗಬಹುದು. ಅಷ್ಟರಲ್ಲಿ ಮಟ್ಟವು ಸಾಲದಾದಲ್ಲಿ ತಜ್ಞರು ಇನ್ನಷ್ಟು ಕಾಯಬಹುದು, ಮೇಜಿನ ಓರೆಯನ್ನು ಬದಲಿಸಬಹುದು, ಚುಚ್ಚುಮದ್ದನ್ನು ಮತ್ತೊಮ್ಮೆ ನೀಡಬಹುದು ಅಥವಾ ಪೂರ್ಣ ಅರಿವಳಿಕೆಯನ್ನು ನೀಡಬಹುದು. ಶಸ್ತ್ರಚಿಕಿತ್ಸೆಯ ನಡುವೆ ನೋವು ಕಂಡಲ್ಲಿ, ಸಾಧ್ಯವಿದ್ದಾಗ ಕೆಲಸವನ್ನು ನಿಲ್ಲಿಸಿ ರಕ್ತನಾಳದ ಮೂಲಕ ನೋವು ನಿವಾರಕವನ್ನು ಅಥವಾ ಪೂರ್ಣ ಅರಿವಳಿಕೆಯನ್ನು ನೀಡಲಾಗುತ್ತದೆ. ತಾಯಿ ಅಥವಾ ಮಗುವಿನ ಜೀವಕ್ಕೆ ಅಪಾಯವಿದ್ದು ಕಾಯಲು ಸಮಯವಿಲ್ಲದಿದ್ದಲ್ಲಿ ನೇರವಾಗಿ ಪೂರ್ಣ ಅರಿವಳಿಕೆ ನೀಡಬೇಕಾಗಬಹುದು.

ಬೆನ್ನಿಗೆ ಮಾತ್ರ ಚುಚ್ಚುಮದ್ದು ಎಂದಿದ್ದರೂ ಉಪವಾಸದ ನಿಯಮ ಕಡ್ಡಾಯವಾಗಿರುವುದು ಇದೇ ಕಾರಣಕ್ಕಾಗಿ. ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ 6 ಗಂಟೆಗಳಿಂದ ಘನ ಆಹಾರವನ್ನೂ, 2 ಗಂಟೆಗಳಿಂದ ನೀರನ್ನೂ ಸೇವಿಸುವಂತಿಲ್ಲ. ಆಸ್ಪತ್ರೆಯವರು ಬೇರೆ ಸೂಚನೆ ನೀಡಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

7. ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕಾದ ವಿಷಯಗಳು

- ಈ ಹಿಂದೆ ಬೆನ್ನಿನ ಚುಚ್ಚುಮದ್ದು ಅಥವಾ ಹಲ್ಲು ಕೀಳುವಾಗಿನ ಚುಚ್ಚುಮದ್ದು ಪರಿಣಾಮ ಬೀರದೆ ಹೋಗಿದ್ದಲ್ಲಿ
- ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸೇವಿಸುತ್ತಿದ್ದಲ್ಲಿ
- ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಅಥವಾ ಗೂನು ಇದ್ದಲ್ಲಿ
- ಔಷಧಗಳ ಅಲರ್ಜಿ, ಹೃದಯದ ಕಾಯಿಲೆ ಇದ್ದಲ್ಲಿ
- ಚೇಳು ಕಡಿದಿದ್ದಲ್ಲಿ. ಹಲವು ಬಾರಿ ಚೇಳು ಕಡಿತಕ್ಕೆ ಒಳಗಾದವರಲ್ಲಿ ಮರಗಟ್ಟಿಸುವ ಔಷಧ ಪರಿಣಾಮ ಬೀರದ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹೊಲಗದ್ದೆಗಳಲ್ಲಿ ದುಡಿಯುವವರು ಈ ವಿಷಯವನ್ನು ಮರೆಯದೆ ತಿಳಿಸುವುದು ಒಳಿತು.

8. ತಕ್ಷಣ ತಿಳಿಸಬೇಕಾದ ಲಕ್ಷಣಗಳು

ವಾಕರಿಕೆ, ತಲೆಸುತ್ತು ಅಥವಾ ಕಣ್ಣು ಕತ್ತಲೆ ಬಂದಂತಾಗುವುದು ರಕ್ತದೊತ್ತಡ ಇಳಿದಿರುವುದರ ಸೂಚನೆಯಾಗಿರಬಹುದು. ಬೆರಳುಗಳಲ್ಲಿ ಜುಮುಜುಮು, ಕೈಗಳಲ್ಲಿ ಬಲಹೀನತೆ, ಉಸಿರಾಡಲು ಅಥವಾ ಮಾತನಾಡಲು ಕಷ್ಟವಾಗುವುದು ಔಷಧವು ಅಗತ್ಯಕ್ಕಿಂತ ಮೇಲಕ್ಕೆ ಏರಿರುವುದನ್ನು ಸೂಚಿಸಬಹುದು. ಇಂತಹ ಲಕ್ಷಣಗಳಿಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಚಿಕಿತ್ಸೆ ನೀಡಲಾಗುತ್ತದೆ.

9. ಒಪ್ಪಿಗೆ ಪತ್ರ ಮತ್ತು ಶುಲ್ಕ

ಅರಿವಳಿಕೆಯ ವಿಧಾನ, ಅದರ ಅಪಾಯಗಳು ಹಾಗೂ ಪರ್ಯಾಯಗಳನ್ನು ತಿಳಿದುಕೊಂಡ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡತಕ್ಕದ್ದು. "ಪರಿಣಾಮ ಸಾಲದಾದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಯನ್ನು ಆಗಲೇ ಕೇಳಿ ತಿಳಿದುಕೊಳ್ಳುವುದು ಸೂಕ್ತ.

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಹೆರಿಗೆ ಹಾಗೂ ಅದಕ್ಕೆ ಬೇಕಾಗುವ ಔಷಧಗಳು ಉಚಿತ. ಇನ್ನೊಂದು ಚುಚ್ಚುಮದ್ದಿಗೆ ಹಣ ಕೊಡಬೇಕಾದೀತೆಂಬ ಆತಂಕದಿಂದ ಯಾವ ಗರ್ಭಿಣಿಯೂ ನೋವನ್ನು ಮುಚ್ಚಿಡಬೇಕಾಗಿಲ್ಲ.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿ ರೋಗಿಯ ವಿಷಯದಲ್ಲಿ ಚಿಕಿತ್ಸೆ ನೀಡುವ ಅರಿವಳಿಕೆ ತಜ್ಞರ ಸಲಹೆಯೇ ಅಂತಿಮವಾಗಿರುತ್ತದೆ.